ಅಯುತ್ಥಯವನ್ನು ಹಾಳುಗೆಡವಿದ್ದು ಬರ್ಮಾದ ಸೈನ್ಯವೊಂದೇ ಅಲ್ಲ

ಥಾಯ್ಲೆಂಡಿನ ಹಳೆಯ ರಾಜಧಾನಿ ಅಯುತ್ಥಯಕ್ಕೆ ಹೋಗುವ ನಮ್ಮವರಲ್ಲಿ ಬಹಳಷ್ಟು ಮಂದಿ ಬೆಳಿಗ್ಗೆ ಬ್ಯಾಂಕಾಕಿನಿಂದ ಹೊರಟು, ಬೌದ್ಧ ದೇಗುಲವಾದ ವಾಟ್ ಮಹಾಥಾಟ್‌ನಲ್ಲಿ ಮರದ ಬೇರುಗಳು ತಬ್ಬಿಕೊಂಡಿರುವ ಬುದ್ಧನ ತಲೆಯ ಮುಂದೆ ಕುಳಿತು ಫೋಟೊ ತೆಗೆಸಿಕೊಂಡು, ಸಂಜೆಯೊಳಗೆ ಹಿಂತಿರುಗುತ್ತಾರೆ. ಅವರ ಕಿವಿಗೆ ಬೀಳುವ ಇತಿಹಾಸವೂ ಅಷ್ಟೇ ಚಿಕ್ಕದು: 1767ರಲ್ಲಿ ಬರ್ಮಾದ ಸೈನ್ಯ ನುಗ್ಗಿತು, ಸುಟ್ಟಿತು, ನಗರ ಹಾಳಾಯಿತು. ನಾನು ಒಬ್ಬಳೇ ಹೋಗಿ, ಅಲ್ಲಿಯೇ ಉಳಿದು ನೋಡಿದವಳು; ಈ ಕಥೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರು ನದಿಗಳು ಸುತ್ತುವರಿದಿರುವ ಈ ನಗರ ನಾಲ್ಕು ಶತಮಾನಗಳಿಗೂ ಮೀರಿ ರಾಜಧಾನಿಯಾಗಿತ್ತು. ಪೋರ್ಚುಗೀಸರು, ಡಚ್ಚರು, ಜಪಾನೀಯರು ಇಲ್ಲಿ ತಮ್ಮ ತಮ್ಮ ಕೇರಿಗಳನ್ನು ಕಟ್ಟಿಕೊಂಡು ವ್ಯಾಪಾರ ಮಾಡುತ್ತಿದ್ದರು. 1782ರಲ್ಲಿ ಥಾಯ್ ಅರಸ ಒಂದನೆಯ ರಾಮ ಬ್ಯಾಂಕಾಕನ್ನು ರಾಜಧಾನಿಯಾಗಿ ಮಾಡಿಕೊಂಡಾಗ, ಹೊಸ ಕೋಟೆಗೆ ಬೇಕಾದ ಇಟ್ಟಿಗೆಯನ್ನು ಈ ಹಾಳುಗೋಡೆಗಳಿಂದಲೇ ಕಿತ್ತು ನದಿಯಲ್ಲಿ ಸಾಗಿಸಲಾಯಿತು. ಸೋತ ರಾಜ್ಯವೊಂದು ಮತ್ತೆ ಎದ್ದು ನಿಲ್ಲಲು ಮಾಡಿದ ಆ ಕೆಲಸವನ್ನು ನಾನು ದೂರಲಾರೆ.

ನಿಧಿಗಳ್ಳರ ಮಾತು ಬೇರೆ. ವಾಟ್ ರಾಚಬುರಣದ ಕಥೆಯನ್ನೇ ನೋಡಿ. ಸಿಂಹಾಸನಕ್ಕಾಗಿ ಆನೆಗಳ ಮೇಲೆ ಕಾದಾಡಿ ಸತ್ತ ಇಬ್ಬರು ಅಣ್ಣಂದಿರನ್ನು ಸುಟ್ಟ ಜಾಗದಲ್ಲಿ, ಅರಸನಾದ ತಮ್ಮ ಚಾವೊ ಸಾಮ್ ಫ್ರಾಯಾ 1424ರಲ್ಲಿ ಈ ದೇಗುಲವನ್ನು ಕಟ್ಟಿಸಿದ. ಅದರ ಶಿಖರದೊಳಗಿನ ನೆಲಮಾಳಿಗೆಯಲ್ಲಿ ಹುದುಗಿಸಿದ್ದ ಚಿನ್ನ ಬರ್ಮಾದವರ ಕೈಗೆ ಸಿಗಲೇ ಇಲ್ಲ. ಅದನ್ನು ಅಗೆದು ದೋಚಿದ್ದು 1957ರಲ್ಲಿ ಬಂದ ಕಳ್ಳರು. ಕಡಿದಾದ, ಇಕ್ಕಟ್ಟಾದ ಮೆಟ್ಟಿಲಿಳಿದು ನಾನು ಆ ಕೋಣೆಯನ್ನು ನೋಡಿದೆ. ಅವಸರಪಡಿಸುವವರು ಜೊತೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಗೋಡೆಯ ಮೇಲಿನ ಮಾಸಿದ ಚಿತ್ರಗಳು ಕಣ್ಣಿಗೆ ಒಂದೊಂದಾಗಿ ತಿಳಿಯುವವರೆಗೂ ನಿಲ್ಲುವುದು ಸಾಧ್ಯವಾಯಿತು. ನಿಧಿಯಾಸೆಗೆ ಗುಡಿಗಳನ್ನು ಅಗೆಯುವುದನ್ನು ಹಂಪಿಯಲ್ಲಿ ಕಂಡಿರುವ ನಮಗೆ ಆ ಬರಿದಾದ ಕೋಣೆ ಹೆಚ್ಚು ನೋಯಿಸಬೇಕು.

ಕಳ್ಳರಿಂದ ಉಳಿದದ್ದು, ಮರಳಿ ಸಿಕ್ಕಿದ್ದು ಅದೇ ಅರಸನ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ: ಚಿನ್ನದ ಹಿಡಿಯ ಖಡ್ಗ, ಹರಳು ಕೂರಿಸಿದ ಪುಟ್ಟ ಚಿನ್ನದ ಆನೆ. ಒಂದೇ ದಿನದಲ್ಲಿ ಹೋಗಿಬರುವವರು ಬಿಟ್ಟುಬಿಡುವುದು ಈ ಕಟ್ಟಡವನ್ನೇ. ಹೋಗುವವರು ದಯವಿಟ್ಟು ಮೊದಲು ಇದನ್ನು ನೋಡಿ, ಆಮೇಲೆ ರಾಚಬುರಣದ ಮೆಟ್ಟಿಲಿಳಿಯಿರಿ. ಬುದ್ಧನ ತಲೆಯಿರುವ ವಾಟ್ ಮಹಾಥಾಟ್ ಅದರ ಎದುರಿಗೇ ಇದೆ.