ಪ್ರದಕ್ಷಿಣೆ ಹಾಕುವವರಿಗೆ ಮಾತ್ರ

ಓಡಬಾರದು, ಅಪ್ರದಕ್ಷಿಣೆಯಾಗಿ ನಡೆಯಬಾರದು ಎಂದು ಬರೆದಿದ್ದ ಬೆಂಗಳೂರಿನ ಪಾರ್ಕೊಂದರ ಫಲಕ 2024ರಲ್ಲಿ ಎಲ್ಲರ ಮೊಬೈಲುಗಳನ್ನು ಸುತ್ತಿದ್ದು ನಿಮಗೆ ನೆನಪಿರಬಹುದು. ಅದೂ ಗಡಿಯಾರದ ದಿಕ್ಕಿನಲ್ಲಿಯೇ ಸುತ್ತಿರಬೇಕು. ಆಗ ನಕ್ಕವರಲ್ಲಿ ನಾನೂ ಒಬ್ಬ. ಹೋದ ವಾರ ನಮ್ಮ ಬಡಾವಣೆಯ ಪಾರ್ಕಿನಲ್ಲೂ ಅಂಥದೇ ಒಂದು ಫಲಕ ಎದ್ದು ನಿಂತಿದೆ. ಈಗ ನಗು ಬರುತ್ತಿಲ್ಲ. ನಾನು ಮೊದಲಿನಿಂದಲೂ ಪ್ರತಿ ತಿರುವಿನಲ್ಲೂ ಎಡಕ್ಕೆ ತಿರುಗುವವನು.

ಆದರೂ ಫಲಕದ ಪರವಾಗಿ ಎರಡು ಮಾತು ಹೇಳಲೇಬೇಕು. ಎಲ್ಲರೂ ಒಂದೇ ದಿಕ್ಕಿನಲ್ಲಿ ನಡೆದರೆ ಎದುರಿಗೆ ಯಾರೂ ಸಿಗುವುದಿಲ್ಲ. ಮುಖ ನೋಡಿ ನಮಸ್ಕಾರ ಹೇಳುವ, ಮಗನ ಮದುವೆ ಎಲ್ಲಿಗೆ ಬಂತು ಎಂಬುದಕ್ಕೆ ಉತ್ತರಿಸುವ ಕಷ್ಟ ತಪ್ಪುತ್ತದೆ. ನಮ್ಮ ಪಾರ್ಕಿನಲ್ಲಿ ನನ್ನ ದಿಕ್ಕಿನಲ್ಲೇ ನಡೆಯುವ ಹಿರಿಯರೊಬ್ಬರನ್ನು ನಾನು ವರ್ಷಗಟ್ಟಲೆಯಿಂದ ಬೆನ್ನಿನಿಂದಲೇ ಬಲ್ಲೆ. ಈಚೆಗೆ ಬ್ಯಾಂಕಿನಲ್ಲಿ ಅವರ ಮುಖ ಕಂಡು ಗುರುತೇ ಸಿಗಲಿಲ್ಲ. ಅವರು ಹಿಂತಿರುಗಿ ಹೊರಟ ಮೇಲೆ, ಓ ಇವರಾ, ಎನಿಸಿತು. ಇನ್ನು ಪ್ರದಕ್ಷಿಣೆಗೆ ನಡುವೆ ದೇವರು ಬೇಕಲ್ಲ ಎಂದು ಕೇಳಬೇಡಿ. ನಡುವೆ ಮೂಲೆಗುಂಪಾದ ಕಾರಂಜಿಯಿದೆ. ಗೇಟಿನ ಹೊರಗೆ ತೀರ್ಥದಂತೆ ಬೂದುಗುಂಬಳದ ರಸ, ಹಾಗಲಕಾಯಿಯ ರಸ. ಅಲ್ಲಿಂದ ನೂರು ಹೆಜ್ಜೆಗೆ ದರ್ಶಿನಿಯಲ್ಲಿ ಬೆಣ್ಣೆ ಹೆಚ್ಚಿಗೆ ಹಾಕಿದ ಮಸಾಲೆ ದೋಸೆಯೆಂಬ ಪ್ರಸಾದ.

ಈ ಪೂಜೆಗೆ ಸಂಖ್ಯೆಯೂ ಉಂಟು, ಹತ್ತು ಸಾವಿರ. ಇದನ್ನು ಯಾವ ಋಷಿಯೂ ಕಂಡದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನವನ್ನು ಮಾರುಕಟ್ಟೆಗೆ ತಂದು ‘ಮಾನ್‌ಪೊ-ಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ಸರಕು ಮಾರಲು ಇಟ್ಟ ಹೆಸರು ಅರವತ್ತು ವರ್ಷದಲ್ಲಿ ಧರ್ಮಶಾಸ್ತ್ರವಾಗಿದೆ. ರಾತ್ರಿ ಹನ್ನೊಂದಕ್ಕೆ ಮುನ್ನೂರ ನಲವತ್ತು ಹೆಜ್ಜೆ ಬಾಕಿ ಎಂದು ಹೆಜ್ಜೆ ಎಣಿಸುವ ಕೈಗಡಿಯಾರ ಎಚ್ಚರಿಸಿದಾಗ ಮಲಗುವ ಕೋಣೆಯಲ್ಲಿ ಮಂಚದ ಸುತ್ತ ನಡೆಯುವ ಗೃಹಸ್ಥರು ನನಗೆ ಗೊತ್ತು. ಅವರಲ್ಲೊಬ್ಬ ಈ ಅಂಕಣದ ಲೇಖಕ.

ಗಡಿಯಾರವಿಲ್ಲದ ಹೆಜ್ಜೆಗಳದ್ದು ಬೇರೆ ಕಥೆ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಬಸ್ಸಿಳಿದು ನಡೆದು ಬರುತ್ತಾರೆ. ಆರು ಮನೆ, ನಾಲ್ಕು ಮಹಡಿ. ಕೆಲಸದವರಿಗೆಂದು ಬೇರೆ ಲಿಫ್ಟ್ ಇದೆ, ಅದು ತಿಂಗಳಿಗೆ ಇಪ್ಪತ್ತು ದಿನ ಕೆಟ್ಟಿರುತ್ತದೆ. ನಮ್ಮ ಲಿಫ್ಟ್ ಕೆಟ್ಟ ದಿನ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಅರವತ್ತು ಸಂದೇಶ ಬೀಳುತ್ತವೆ. ಅವರದ್ದು ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಅಪಾರ್ಟ್‌ಮೆಂಟುಗಳ ದೂರದೃಷ್ಟಿಯನ್ನು ಮೆಚ್ಚಬೇಕು. 2023ರಲ್ಲಿ ಇದೇ ಊರಿನ ವಸತಿ ಸಮುಚ್ಚಯವೊಂದರ ಸೂಚನೆ ಸುದ್ದಿಯಾಗಿತ್ತು: ಮನೆಕೆಲಸದವರು ಪಾರ್ಕಿನಲ್ಲಿ, ಮಂಟಪದಲ್ಲಿ ಕಾಣಿಸಿಕೊಳ್ಳಬಾರದು, ಸುತ್ತಲೂ ಅವರೇ ಇದ್ದರೆ ನಿವಾಸಿಗಳಿಗೆ ಮುಜುಗರವಾಗುತ್ತದೆ. ಸರಿಯೇ. ಒಂದು ಮನೆಯ ಪಾತ್ರೆ ಮುಗಿದು ಇನ್ನೊಂದು ಮನೆಯ ಕಸಕ್ಕೆ ಮುಕ್ಕಾಲು ಗಂಟೆ ಬಿಡುವಿದ್ದರೆ ಅಷ್ಟು ಹೊತ್ತು ಮಾಯವಾಗಿರುವುದು ಎಷ್ಟರ ಕೆಲಸ? ಮೇಲಾಗಿ ದಿನವಿಡೀ ಮೈ ಬಗ್ಗಿಸುವವರಿಗೆ ಬೆಂಚೇಕೆ? ದುಡ್ಡು ಕೊಟ್ಟು ಜಿಮ್ಮಿನಲ್ಲಿ ಮಾಡುವುದನ್ನೇ ಅವರು ದುಡ್ಡು ತೆಗೆದುಕೊಂಡು ಮಾಡುತ್ತಿದ್ದಾರೆ. ಪುಣ್ಯವಂತರು.

ಹೀಗೆ ನಂಬಲು ನಮಗೆ ಶಾಸ್ತ್ರಾಧಾರವೂ ಇದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕೂತಿರುವ ಡ್ರೈವರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಿಮೆ ಎಂದು ಜೆರೆಮಿ ಮಾರಿಸ್ ಎಂಬ ವೈದ್ಯ 1953ರಲ್ಲಿ ತೋರಿಸಿದ. ಆಮೇಲೆ ಸಮವಸ್ತ್ರದ ಲೆಕ್ಕ ತೆಗೆದು ಡ್ರೈವರುಗಳ ಪ್ಯಾಂಟಿನ ಸೊಂಟ ದೊಡ್ಡದು ಎಂಬುದನ್ನೂ ಕಂಡುಕೊಂಡ. ಇಂದಿನ ವಾಕಿಂಗ್ ಭಕ್ತಿಗೆಲ್ಲ ಮೂಲ ಆ ಕಂಡಕ್ಟರನ ಕಾಲು. ನಮ್ಮ ಊರಿನ ಕಂಡಕ್ಟರ್ ಅದನ್ನು ಕೇಳಿದರೆ, ಚಿಲ್ಲರೆ ಕೊಡಿ, ಎನ್ನುತ್ತಾನೆ.

ಆದರೆ 2021ರಲ್ಲಿ ಡೆನ್ಮಾರ್ಕಿನವರು ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಹಾಕಿ ಬೇರೆಯೇ ಸುದ್ದಿ ತಂದರು. ಬಿಡುವಿನಲ್ಲಿ ಮೈ ದಣಿಸಿದವರಿಗೆ ಆಯುಷ್ಯ ಹೆಚ್ಚು, ಕೆಲಸದಲ್ಲಿ ಮೈ ದಣಿಸಿದವರಿಗೆ ಕಡಿಮೆ. ಕಾಯಕವೇ ಕೈಲಾಸ ಎಂದು ನಾವು ಹೇಳುತ್ತ ಬಂದಿದ್ದೇವೆ. ಬೇಗ ತಲುಪಿಸುತ್ತದೆ ಎಂಬುದನ್ನು ಅವರು ಸೇರಿಸಿದರು. ಅವರು ಕೊಡುವ ಕಾರಣ ಸರಳ. ವಾಕಿಂಗಿಗೆ ಬಂದವನು ಸುಸ್ತಾದರೆ ನಿಲ್ಲುತ್ತಾನೆ. ಕೂಲಿಗೆ ಬಂದವನು ನಿಲ್ಲುವಂತಿಲ್ಲ. ಭಾರ ಎತ್ತಿ, ಗಂಟೆಗಟ್ಟಲೆ ನಿಂತು, ಎದೆಬಡಿತ ಇಳಿಯುವ ಮೊದಲೇ ಮತ್ತೆ ಏಳಬೇಕು. ಅದು ಕೆಲಸದ ತಪ್ಪಲ್ಲ, ಬಡತನದ್ದು ಎಂದು ವಾದಿಸುವ ಪಂಡಿತರೂ ಇದ್ದಾರೆ. ವಾದಿಸಲಿ. ಯಾರು ಗೆದ್ದರೂ ಸಾಯುವವನ ವಿಳಾಸ ಬದಲಾಗುವುದಿಲ್ಲ.

ನಮ್ಮ ಮನೆಗೆ ಬರುವ ಆ ಹೆಂಗಸಿಗೆ ಈಚೆಗೆ ಸಕ್ಕರೆ ಕಾಯಿಲೆ ಬಂದಿದೆ. ಡಾಕ್ಟರು ಸಿಹಿ ಬಿಡು, ಅನ್ನ ಕಡಿಮೆ ಮಾಡು, ಹಣ್ಣು ತಿನ್ನು, ದಿನಾ ಅರ್ಧ ಗಂಟೆ ನಡಿ ಎಂದರಂತೆ. ‘ಇನ್ನೂ ಎಲ್ಲಿಗೆ ನಡೀಲಿ ಸಾರ್?’ ಎಂದು ನನ್ನನ್ನು ಕೇಳಿದರು. ತಮಾಷೆಗೆ ಕೇಳಲಿಲ್ಲ. ನಾನು ವ್ಯಂಗ್ಯ ಬರೆದು ಬದುಕುವವನು, ಯಾವುದಕ್ಕೂ ಒಂದು ಉತ್ತರ ಹೊಂದಿಸಬಲ್ಲೆ, ಇದಕ್ಕೆ ಆಗಲಿಲ್ಲ. ಆಕೆಗೆ ಬೇಕಿದ್ದದ್ದು ಕೂರಲು ಒಂದು ಜಾಗ, ಸಂಬಳ ಕಡಿತವಾಗದ ಒಂದು ರಜೆ, ಮಾತ್ರೆ ನುಂಗುವ ಮುಂಚೆ ಹೊಟ್ಟೆಗೆ ಹೊತ್ತಿಗೆ ಸರಿಯಾದ ಊಟ. ನಾವು ಕೊಡುವುದು ಹಳೆಯ ಸೀರೆ, ನಿನ್ನೆಯ ಸಾಂಬಾರು, ಜೊತೆಗೆ ಸಲಹೆ. ಹಬ್ಬಕ್ಕೆ ಒಂದು ಡಬ್ಬಿ ಮೈಸೂರುಪಾಕನ್ನೂ ಕೊಟ್ಟಿದ್ದೆವು. ನಾಚಿಕೆಯಾಗುತ್ತದೆ.

ಕೂರಲು ಪಾರ್ಕು ಇದೆಯಲ್ಲ ಎನ್ನಬಹುದು. ಬೆಂಗಳೂರಿನ ಪಾರ್ಕುಗಳಿಗೆ ಬಹುಕಾಲ ಬೆಳಿಗ್ಗೆ ಹತ್ತಕ್ಕೆ ಬೀಗ, ಮತ್ತೆ ತೆಗೆಯುವುದು ಮಧ್ಯಾಹ್ನ ಒಂದೂವರೆಗೆ. ವಾಕಿಂಗಿನವರು ಸ್ನಾನಕ್ಕೆ ಹೋದ ಮೇಲೆ ಮರಗಳಿಗೂ ವಿಶ್ರಾಂತಿ ಬೇಕಲ್ಲ. ಆ ಹೊತ್ತಿಗೆ ನೆರಳು ಬೇಕಾಗುವುದು ಯಾರಿಗೆಂದು ಯೋಚಿಸಿ. ಆಟೋದವರಿಗೆ, ಊಟದ ಪೊಟ್ಟಣ ಹೊತ್ತು ಬೈಕಿನ ಮೇಲೇ ಒರಗುವ ಹುಡುಗರಿಗೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವವರಿಗೆ. 2024ರಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡುವ ಘೋಷಣೆಯಾಯಿತು. ನಮ್ಮ ಪಾರ್ಕಿನ ಬೀಗಕ್ಕೆ ಇನ್ನೂ ಓದಲು ಬಂದಿಲ್ಲ.

ಅದೇ ವರ್ಷ ಬಂದ ಇನ್ನೊಂದು ಸುದ್ದಿ: ಸಾಕಷ್ಟು ಮೈ ಆಡಿಸದ ಭಾರತೀಯ ವಯಸ್ಕರು ಹತ್ತಿರ ಹತ್ತಿರ ಅರ್ಧದಷ್ಟು, ಹೆಂಗಸರಲ್ಲಿ ನೂರಕ್ಕೆ 57, ಗಂಡಸರಲ್ಲಿ 42. ಹೆಂಗಸರ ಸೋಮಾರಿತನದ ಬಗ್ಗೆ ನಮ್ಮ ಪಾರ್ಕಿನ ಹರಟೆಕಟ್ಟೆಯಲ್ಲಿ ಒಂದು ವಾರ ಗಂಭೀರ ಚರ್ಚೆ ನಡೆಯಿತು. ಚರ್ಚಿಸಿದ ಒಂಬತ್ತೂ ಜನ ಗಂಡಸರು. ಅವರ ಹೆಂಡತಿಯರು ಆಗ ಮನೆಯಲ್ಲಿ ತಿಂಡಿ ಮಾಡುತ್ತಿದ್ದರು.

ನಿನ್ನೆ ಬೆಳಿಗ್ಗೆ ಫಲಕದ ಎದುರು ನಿಂತು ಬಲಕ್ಕೆ ತಿರುಗುವುದನ್ನು ಅಭ್ಯಾಸ ಮಾಡುತ್ತಿದ್ದೆ. ಪಾರ್ಕು ಗುಡಿಸುವ ಹೆಂಗಸು ಉದ್ದನೆಯ ಪೊರಕೆ ಹಿಡಿದು ಅಪ್ರದಕ್ಷಿಣೆಯಾಗಿಯೇ ಬರುತ್ತಿದ್ದರು. ಎದುರಾದವರು ಧೂಳಿಗೆ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದರು. ಫಲಕದ ಕಡೆ ಯಾರೂ ಬೆರಳು ತೋರಿಸಲಿಲ್ಲ.

ದಿನಕ್ಕೆ ಎಷ್ಟು ಸುತ್ತು ಎಂದು ಕೇಳಿದೆ.

‘ಎಣಿಸಿಲ್ಲ ಸಾರ್. ಬೀಗ ಹಾಕುವುದರೊಳಗೆ ಮುಗಿಯಬೇಕು. ಸ್ವಲ್ಪ ಕಾಲು ಎತ್ತಿ.’

ಎತ್ತಿದೆ. ಗಡಿಯಾರ ಅದನ್ನೂ ಒಂದು ಹೆಜ್ಜೆಯೆಂದು ಎಣಿಸಿಕೊಂಡಿತು.