ಫೈರ್‌ಬಾಲ್ ಯಾವ ತಿಟ್ಟಿನದ್ದು ಮಾರಾಯ್ರೆ?

ಮೇ ರಜೆಯಲ್ಲಿ ಉಡುಪಿ ಕಡೆಯ ಕೋಟದ ಅಜ್ಜಿ ಮನೆಗೆ ಹೋಗಿದ್ದಾಗ ಶುರುವಾದ ತಲೆಬಿಸಿ ಇದು, ಬೆಂಕಿ ಉಂಡೆ ಎಸೆಯುವ ಫೈರ್‌ಬಾಲ್ ಥರದ ಆಟದ ಮಂತ್ರಗಳನ್ನು ಹೇಗೆ ವಿಂಗಡಿಸುದು ಅಂತ, ಈಗ ಮಳೆಗಾಲ ಅರ್ಧ ಮುಗೀತು, ಇನ್ನೂ ಬಿಟ್ಟಿಲ್ಲ, ಹಾಗಾಗಿ ಇಲ್ಲಿ ಬರೆದು ಹಾಕಿ ಬಿಡುವಾ ಅಂತ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದವರು ಓದಿ.

ನಾನು ಮಂಗಳೂರಲ್ಲಿ ಫ್ರೆಂಡ್ಸ್ ಒಟ್ಟಿಗೆ ಆದಿತ್ಯವಾರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವವ. ಗೊತ್ತಿಲ್ಲದವರಿಗೆ, ಇದು 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ, ಒಬ್ಬ ಕತೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡ್ತಾರೆ, ಪೆಟ್ಟು ತಾಗಿತಾ ಇಲ್ವಾ ಅಂತ ಡೈಸ್ ಹಾಕಿ ನೋಡುದು. ನಮ್ಮ ತಾಳಮದ್ದಳೆ ಹೇಗೆ, ವೇಷ ಇಲ್ಲ ಕುಣಿತ ಇಲ್ಲ ಕೂತಲ್ಲೇ ಕುರುಕ್ಷೇತ್ರ, ಹಾಗೆ. ಅವತ್ತು ಕೋಟದಲ್ಲಿ ಸಂಜೆ ಗಾಳಿ ಬಂದು ಕರೆಂಟ್ ಹೋಯ್ತು, ಚಿಕ್ಕಮ್ಮನ ಮೂರು ಮಕ್ಕಳೂ ಮೊಬೈಲ್ ಚಾರ್ಜ್ ಇಲ್ಲದೆ ಒದ್ದಾಡ್ತಿದ್ವು, ಬನ್ನಿ ಒಂದು ಆಟ ಆಡುವಾ ಅಂದೆ. ಒಳಗಿಂದ ಅಜ್ಜಿ "ಯಾವ್ ಮೇಳದ್ದ್?" ಅಂತ ಕೇಳಿದ್ರು. ನಮ್ಮಲ್ಲಿ ಆಟ ಅಂದ್ರೆ ಯಕ್ಷಗಾನ ಅಲ್ವಾ, ತಪ್ಪು ನಂದೇ.

ಸರಿ, ದೊಡ್ಡವನಿಗೆ ಹೇಳಿದೆ, ನಿನ್ನ ಕ್ಲಾಸ್ ವಿಝಾರ್ಡ್, ಸ್ಕೂಲ್ ಇಲ್ಯೂಶನ್. ಅವ ಮುಖ ಕಿವುಚಿ "ರಜಿಯಗೂ ಶಾಲಿಯಾ?" ಅಂದ. ನೋಡಿದ್ರೆ ಹೌದಲ್ಲ! ಕ್ಲಾಸೂ ಉಂಟು ಸ್ಕೂಲೂ ಉಂಟು, ಇನ್ನು ಹೋಮ್‌ವರ್ಕ್ ಒಂದು ಬಾಕಿ. ಕ್ಲಾಸ್ ಅಂದ್ರೆ ಪಾತ್ರದ ಕಸುಬು, ವಿಝಾರ್ಡ್ ಅಂದ್ರೆ ಮಂತ್ರವಾದಿ, ಸ್ಕೂಲ್ ಅಂದ್ರೆ ಶಾಲೆ ಅಲ್ಲ ಮಾರಾಯ, ಮಂತ್ರದ ವಿಭಾಗ, ಒಟ್ಟು ಎಂಟು, ರಕ್ಷಣೆಯದ್ದು ಅಬ್ಜುರೇಶನ್, ಏನನ್ನಾದ್ರೂ ಕರೆಸುದು ಕಾಂಜುರೇಶನ್, ಪ್ರಶ್ನೆ ಇಟ್ಟ ಹಾಗೆ ಗುಟ್ಟು ತಿಳಿಯುದು ಡಿವಿನೇಶನ್, ಮರುಳು ಮಾಡುದು ಎನ್‌ಚಾಂಟ್‌ಮೆಂಟ್, ಬೆಂಕಿ ಸಿಡಿಲು ಎವೊಕೇಶನ್, ಕಣ್ಕಟ್ಟು ಇಲ್ಯೂಶನ್, ಸಾವು-ಹೆಣದ್ದು ನೆಕ್ರೊಮ್ಯಾನ್ಸಿ, ರೂಪ ಬದಲಿಸುದು ಟ್ರಾನ್ಸ್‌ಮ್ಯುಟೇಶನ್, ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸಿದೆ. ಮುಗಿಸಿದೆ ಅಂತ ನಾನು ತಿಳ್ಕೊಂಡದ್ದು.

ಎರಡನೆಯವಳು, ಏಳನೇ ಕ್ಲಾಸು, ಕೇಳಿದ್ಲು, ಅಣ್ಣ ಹಾಗಾದ್ರೆ ಮಾಯಾ ಶೂರ್ಪನಖಿ ಯಾವುದು? ಪಂಚವಟಿ ಪ್ರಸಂಗ ನೋಡಿದವರಿಗೆ ಗೊತ್ತು, ಘೋರ ಶೂರ್ಪನಖಿ ಒಂದು ವೇಷ, ಚಂದದ ಮಾಯಾ ಶೂರ್ಪನಖಿ ಬೇರೆಯೇ ಇನ್ನೊಂದು ವೇಷ, ಕಲಾವಿದರೂ ಬೇರೆ. ರಾಮನ ಕಣ್ಣಿಗೆ ಮಾತ್ರ ಚಂದ ಕಂಡದ್ದಾದ್ರೆ ಇಲ್ಯೂಶನ್, ಮೈಯೇ ಬದಲಾದದ್ದಾದ್ರೆ ಟ್ರಾನ್ಸ್‌ಮ್ಯುಟೇಶನ್. ಯಾವುದು? ನಂಗೆ ಉತ್ತರ ಇಲ್ಲ. ಅಷ್ಟರಲ್ಲಿ ಸಣ್ಣವ ರಕ್ತಬೀಜನನ್ನು ತಂದ. ಒಂದು ಹನಿ ರಕ್ತ ನೆಲಕ್ಕೆ ಬಿದ್ರೆ ಅಂತದ್ದೇ ಇನ್ನೊಬ್ಬ ಏಳ್ತಾನೆ, ಇದು ಕರೆಸಿದ್ದಾ, ರಕ್ತ ರೂಪ ಬದಲಿಸಿದ್ದಾ, ಸತ್ತದ್ದಕ್ಕೆ ಜೀವ ಬಂದದ್ದಾ? ಮೂರೂ ಹೌದು ಮೂರೂ ಅಲ್ಲ. "ಅದ್ ಕಾಪಿ ಪೇಸ್ಟ್" ಅಂತ ಅವನೇ ಕೇಸ್ ಮುಗಿಸಿದ.

ನಗಾಡ್ಬೇಡಿ, ಆ ಆಟ ಮಾಡಿದವರಿಗೇ ಇದು ಗೊಂದಲ. ಗಾಯ ವಾಸಿ ಮಾಡುವ ಮಂತ್ರ ಒಂದುಂಟು, ಎಲ್ಲರೂ ಬಳಸುವಂತದ್ದು. ಎರಡನೇ ಎಡಿಶನ್ನಲ್ಲಿ ಅದು ನೆಕ್ರೊಮ್ಯಾನ್ಸಿ, ಮೂರನೆಯದರಲ್ಲಿ ಕಾಂಜುರೇಶನ್, 2014ರ ಐದನೆಯದರಲ್ಲಿ ಎವೊಕೇಶನ್, 2024ರಲ್ಲಿ ಪುಸ್ತಕ ತಿದ್ದಿದಾಗ ಅಬ್ಜುರೇಶನ್. ಮಂತ್ರ ಹೆಚ್ಚುಕಮ್ಮಿ ಅದೇ, ಮುಟ್ಟಿದ್ರೆ ಗಾಯ ವಾಸಿ, ಮನೆ ಮಾತ್ರ ನಾಲ್ಕು. ಟ್ರಾನ್ಸ್‌ಫರ್ ಆಗ್ತಾ ಇರುವ ಬ್ಯಾಂಕ್ ಮ್ಯಾನೇಜರ್ ಥರ. ಎಲ್ಡರ್ ಸ್ಕ್ರೋಲ್ಸ್ ಅಂತ ಒಂದು ವಿಡಿಯೋ ಗೇಮ್ ಸರಣಿಯಲ್ಲೂ ಇದೇ, ಮೊದಲು ಆರು ಸ್ಕೂಲಿತ್ತು, 2011ರ ಸ್ಕೈರಿಮ್‌ಗೆ ಬರುವಾಗ ಮಿಸ್ಟಿಸಿಸಮ್ ತೆಗೆದು ಐದು ಮಾಡಿದ್ರು, ಅದರಲ್ಲಿದ್ದ ಆತ್ಮ ಹಿಡಿಯುವ ಮಂತ್ರವನ್ನು ಕಾಂಜುರೇಶನ್ನಿಗೆ ಕಳಿಸಿದ್ರು. ಯಾರೂ ಅಳಲಿಲ್ಲ. ನಂಗೆ ಇಲ್ಲೇ ಸಿಟ್ಟು ಬರುದು. ಒಂದು ಇಡೀ ವಿದ್ಯೆ ಮುಚ್ಚಿ ಹೋದ್ರೆ ಆ ಲೋಕದಲ್ಲಿ ಒಬ್ಬ ಮುದುಕನಾದ್ರೂ ಬೀದಿಗೆ ಬಂದು ಬೊಬ್ಬೆ ಹೊಡೀಬೇಕಲ್ವಾ? ಹೊಡೆಯುದಿಲ್ಲ ಅಂದ್ರೆ ಅದು ಸ್ಕೂಲೇ ಅಲ್ಲ, ಕಪಾಟಿನ ಖಾನೆ ಅಷ್ಟೆ. (ಸ್ಕೈರಿಮ್‌ನಲ್ಲೇ ವಿಂಟರ್‌ಹೋಲ್ಡ್ ಕಾಲೇಜಲ್ಲಿ ವಾಸಿ ಮಾಡುವ ವಿದ್ಯೆ ಕಲಿಸುವ ಒಬ್ಬರು ಟೀಚರ್ ಇದ್ದಾರೆ, ಕೊಲೆಟ್ ಅಂತ, ನನ್ನ ವಿದ್ಯೆಗೆ ಇಲ್ಲಿ ಯಾರೂ ಬೆಲೆ ಕೊಡುದಿಲ್ಲ ಅಂತ ಸದಾ ಅವರ ರಗಳೆ. ಆ ಇಡೀ ಕಾಲೇಜಲ್ಲಿ ನಂಗೆ ನಿಜ ಅಂತ ಕಂಡದ್ದು ಅವರೊಬ್ಬರೇ.)

ನಮ್ಮವರು ವಿಂಗಡಣೆ ಮಾಡ್ಲಿಲ್ವಾ ಅಂದ್ರೆ ಮಾಡಿದ್ದಾರೆ, ಬೇರೆಯೇ ಥರ. ತಂತ್ರಶಾಸ್ತ್ರದಲ್ಲಿ ಷಟ್ಕರ್ಮ ಅಂತ ಉಂಟು, ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ. ರೋಗ-ಗ್ರಹದೋಷ ಕಳೆಯುದು, ಒಲಿಸಿಕೊಳ್ಳುದು, ಇದ್ದಲ್ಲೇ ನಿಲ್ಲಿಸುದು, ಪ್ರೀತಿ ಇದ್ದವರ ನಡುವೆ ಹುಳಿ ಹಿಂಡುದು, ಜಾಗ ಬಿಡಿಸಿ ಓಡಿಸುದು, ಕೊಲ್ಲುದು. ಒಂದೊಂದಕ್ಕೂ ಒಬ್ಬ ದೇವತೆ, ರತಿಯಿಂದ ಶುರುವಾಗಿ ಕಾಳಿಯವರೆಗೆ, ದಿಕ್ಕು ಬೇರೆ, ಕಾಲ ಬೇರೆ, ಆಸನ ಬೇರೆ. ಗಮನಿಸಿ, ಇದರಲ್ಲಿ ಬೆಂಕಿ ಅಂತ ಖಾನೆ ಇಲ್ಲ ಹೆಣ ಅಂತ ಖಾನೆ ಇಲ್ಲ. ಎಂತದರಿಂದ ಮಾಡ್ತಿ ಅಂತ ಕೇಳುದೇ ಇಲ್ಲ, ಯಾರಿಗೆ ಎಂತ ಆಗ್ಬೇಕು ಅಂತ ಕೇಳುದು. ಬೆಂಕಿಯಿಂದ ಕೊಂದ್ರೂ ಮಾರಣ, ನಿಂಬೆಹುಳಿಗೆ ಸೂಜಿ ಚುಚ್ಚಿ ಕೊಂದ್ರೂ ಮಾರಣ. ನಂಗೆ ಎಂಟಕ್ಕಿಂತ ಈ ಆರು ಲಾಯ್ಕ ಕಾಣ್ತದೆ, ಯಾಕಂದ್ರೆ ಮಾಡುವವನ ಹೊಟ್ಟೆಯೊಳಗೆ ಎಂತ ಉಂಟು ಅಂತ ಅಲ್ಲೇ ಗೊತ್ತಾಗ್ತದೆ. ಆದ್ರೂ ಅದು ಪಟ್ಟಿಯೇ. ಒಬ್ಬ ಸ್ತಂಭನದವ ಇನ್ನೊಬ್ಬ ಉಚ್ಚಾಟನದವನನ್ನು ಬಸ್‌ಸ್ಟ್ಯಾಂಡಲ್ಲಿ ನೋಡಿ ಮುಖ ತಿರುಗಿಸುದಿಲ್ಲ, ಇಬ್ಬರೂ ಒಬ್ಬನೇ ಆಗಿರ್ತಾನೆ.

ಅವತ್ತು ಮಕ್ಕಳಿಗೆ ವಿವರಿಸುವಾಗ ಬಾಯಿಂದ ತಾನಾಗಿ ಬಂತು, ಸ್ಕೂಲ್ ಅಂದ್ರೆ ತಿಟ್ಟು ಮಾರಾಯ, ಯಕ್ಷಗಾನದಲ್ಲಿ ದಕ್ಷಿಣದ ಶೈಲಿ ತೆಂಕುತಿಟ್ಟು, ಉತ್ತರದ್ದು ಬಡಗುತಿಟ್ಟು ಇಲ್ವಾ, ಹಾಗೆ. ಮೂರೂ ಮಕ್ಕಳಿಗೆ ಅರ್ಧ ಸೆಕೆಂಡಲ್ಲಿ ಅರ್ಥ ಆಯ್ತು! ನಂಗೆ ಅರ್ಥ ಆಗ್ಲಿಕ್ಕೆ ಮತ್ತೂ ಎರಡು ವಾರ ಬೇಕಾಯ್ತು.

ನೋಡಿ, ತೆಂಕಿಗೆ ದೇವಿ ಮಹಾತ್ಮೆ ಬಡಗಿಗೆ ಪಂಚವಟಿ ಅಂತ ಯಾರಾದ್ರೂ ಬೇಲಿ ಹಾಕಿದ್ದಾರಾ? ಇಲ್ಲ. ಕತೆ ಎರಡೂ ಕಡೆ ಅದೇ, ಕೌರವ ಎರಡೂ ಕಡೆ ಸಾಯ್ತಾನೆ. ಬೇರೆ ಆಗುದು ಸಾಯುವ ಕ್ರಮ. ಅಲ್ಲಿ ತೆಂಕಿನಲ್ಲಿ ಹಾಡುವ ಭಾಗವತರ ಕೈಲಿ ಜಾಗಟೆ, ಇಲ್ಲಿ ಬಡಗಿನಲ್ಲಿ ತಾಳ. ಅಲ್ಲಿ ಹಾರಿ ಸುತ್ತುವ ಧೀಂಗಿಣ, ಇಲ್ಲಿ ಮೊಣಕಾಲೂರಿ ಸುತ್ತುವ ಮಂಡಿ. ಅಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿ ಇಟ್ಟ ಮಹಿಷಾಸುರ ದೊಂದಿ ಬೆಳಕಲ್ಲಿ ಜನರ ಮಧ್ಯದಿಂದ ಬೊಬ್ಬೆ ಹಾಕಿ ಬರ್ತಾನೆ, ಇಲ್ಲಿ ಮುಂಡಾಸಿನ ಕರ್ಣನ ಒಂದು ನಿಲುವಿಗೆ ಸಭೆ ಉಸಿರು ಬಿಗಿ ಹಿಡೀತದೆ. ಅಂದ್ರೆ ತಿಟ್ಟು ಹೇಳುದು ಎಂತ ಮಾಡ್ತಿ ಅಂತ ಅಲ್ಲ, ಯಾರ ಹತ್ರ ಕಲ್ತೆ, ಯಾವ ಊರಿನ ಗಾಳಿ ಕುಡ್ದೆ ಅಂತ. ಫೈರ್‌ಬಾಲ್ ಎಲ್ಲ ತಿಟ್ಟಿನಲ್ಲೂ ಇರ್ಬೇಕು! ಆದ್ರೆ ಹತ್ತು ಮಾರು ದೂರದಿಂದ ನೋಡಿದವ, ಓ ಇದು ಹೊಳೆಯಾಚೆಯವನ ಬೆಂಕಿ, ಕಾಲು ನೋಡು ಅಂತ ಹೇಳ್ಬೇಕು.

ಪುರಾಣದಲ್ಲೂ ಹಾಗೇ ಅಲ್ವಾ, ಶುಕ್ರಾಚಾರ್ಯರ ಮೃತಸಂಜೀವಿನಿ ದೇವತೆಗಳಿಗೆ ಬೇಕು, ಆದ್ರೆ ಪುಸ್ತಕ ಕದ್ದು ಓದಿದ್ರೆ ಬರುದಿಲ್ಲ, ಕಚ ಹೋಗಿ ಶತ್ರುವಿನ ಗುರುವಿನ ಮನೆಯಲ್ಲೇ ದನ ಮೇಯಿಸಿಕೊಂಡು ಇರ್ಬೇಕಾಯ್ತು, ಸತ್ತು ಸುಟ್ಟು ಬೂದಿಯಾಗಿ ಗುರುವಿನ ಹೊಟ್ಟೆಯೊಳಗೇ ಸೇರಿ ಅಲ್ಲಿ ಕಲ್ತ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸಿನ ಹಳೇ ನಿಯಮದಲ್ಲಿ ಮಂತ್ರ ಒಮ್ಮೆ ಹೇಳಿದ್ರೆ ತಲೆಯಿಂದ ಅಳಿಸಿ ಹೋಗ್ತದೆ, ಪುನಃ ಪುಸ್ತಕ ನೋಡಿ ಬಾಯಿಪಾಠ ಮಾಡ್ಬೇಕು. ಕರ್ಣನಿಗೂ ಮರ್ತದ್ದೇ, ಆದ್ರೆ ಅದಕ್ಕೆ ಹಿಂದೆ ಒಬ್ಬ ಪರಶುರಾಮ ಇದ್ದಾನೆ, ಒಂದು ಸುಳ್ಳು ಉಂಟು, ತೊಡೆಯ ರಕ್ತ ಉಂಟು. ಅಷ್ಟೇ ವ್ಯತ್ಯಾಸ, ಆದ್ರೆ ಒಂದರಲ್ಲಿ ಲೆಕ್ಕ ಉಂಟು ಇನ್ನೊಂದರಲ್ಲಿ ಕತೆ.

ಒಂದು ವಿಷಯಕ್ಕೆ ಮಾತ್ರ ಮಂಗಳೂರಿನ ಗ್ಯಾಂಗ್ ಹತ್ರ ಜಗಳ ಆಯ್ತು. ಒಬ್ಬ ತುಳುನಾಡಿನ ಭೂತಕೋಲದ ದೈವವನ್ನೂ ಒಂದು ತಿಟ್ಟು ಮಾಡುವಾ ಕಾಂಜುರೇಶನ್ ಥರ ಅಂದ. ನಾನು ಬೇಡ ಅಂದೆ. ಹೆದರಿ ಅಂತ ತಿಳ್ಕೊಂಡ್ರೆ ತಿಳ್ಕೊಳ್ಳಿ, ಸ್ವಲ್ಪ ಹೌದು ಕೂಡ. ಆದ್ರೆ ಕೋಲದಲ್ಲಿ ನಾವು ದೈವವನ್ನು ಬಳಸುದಲ್ಲ, ದೈವ ನಮ್ಮನ್ನು ನಿಲ್ಲಿಸಿ ವಿಚಾರಿಸುದು. ಅದನ್ನು ತಂದು ಡೈಸ್ ಹಾಕಿ, ಇಷ್ಟು ಪಾಯಿಂಟಿಗೆ ಬರ್ತದೆ ಅಂದ್ರೆ ಆಟವೂ ಕೆಡ್ತದೆ ಅದೂ ಸರಿಯಾಗುದಿಲ್ಲ.

ಮತ್ತೆ ಕೋಟಕ್ಕೆ ಬರುವಾ. ಮೊನ್ನೆ ಮೊಹರಂ ರಜೆಗೆ ಹೋದಾಗ ಹೊಸ ಲೋಕ ಮಾಡಿಕೊಂಡು ಹೋಗಿದ್ದೆ. ನಡುವೆ ಒಂದು ಹೊಳೆ, ಆಚೆ ಒಂದು ತಿಟ್ಟು ಈಚೆ ಒಂದು ತಿಟ್ಟು, ಎರಡರಲ್ಲೂ ಎಲ್ಲ ಮಂತ್ರ ಉಂಟು. ಮಂತ್ರವಾದಿಗಳು ಎದುರುಬದುರು ನಿಂತು ಹೊಡೆದಾಡುದಿಲ್ಲ, ಜೋಡಾಟ! ಅಕ್ಕಪಕ್ಕ ಎರಡು ರಂಗಸ್ಥಳ, ಎರಡರಲ್ಲೂ ಒಂದೇ ಹೊತ್ತಿಗೆ ಒಂದೇ ಕೆಲಸ, ಬತ್ತಿದ ಕೆರೆಗೆ ನೀರು ತರ್ಬೇಕು, ಜನ ಎತ್ತ ವಾಲ್ತಾರೋ ಅವನಿಗೆ ಬಲ ಹೆಚ್ತದೆ. ದೊಡ್ಡವ ಮಳೆ ಕರೆಸ್ಲಿಕ್ಕೆ ಆರ್ಭಟೆ ಶುರು ಮಾಡಿದ, ಎರಡನೆಯವಳು ಸದ್ದಿಲ್ಲದೆ ಕೆರೆಯ ಹತ್ರ ಕೂತು ಹಿಂದೆ ನೀ ಹೇಗಿದ್ದೆ ಹೇಳು ಅಂತ ಕೆರೆಯನ್ನೇ ಮಾತಾಡಿಸಿದ್ಲು. ನಂಗೆ ರೋಮ ನಿಂತಿತು, ಇಂತದ್ದು ಯಾವ ರೂಲ್‌ಬುಕ್ಕಲ್ಲಿ ಉಂಟು ಹೇಳಿ. ಅಜ್ಜಿ ಅಕ್ಕಿ ಆರಿಸ್ತಾ ಕೇಳ್ತಿದ್ರು, "ಮಾಟಕ್ಕೂ ತಿಟ್ಟ್ ಇತ್ತಾ? ಅದೆಲ್ಲಾ ಕೇರಳದಿಂದ ಬಪ್ದಲ್ದಾ?" ಅಂದ್ರು, ಆಮೇಲೆ ಅವರನ್ನೇ ಸಭೆ ಮಾಡಿ ವೋಟ್ ಹಾಕ್ಲಿಕ್ಕೆ ಹೇಳಿದ್ರೆ ಯಾರು ಎಂತ ಮಾಡಿದ್ರು ಅಂತ ಕೇಳದೇ ತಮ್ಮೂರಿನ ಬಡಗಿಗೆ ಹಾಕಿದ್ರು.

ಈಗ ಸಣ್ಣವ ತನಗೆ ಎರಡೂ ಬೇಡ, ಉತ್ತರ ಕನ್ನಡದ ಬಡಾಬಡಗು ತಿಟ್ಟು ಬೇಕು ಅಂತ ಹಠ ಹಿಡಿದಿದ್ದಾನೆ, ದಸರಾ ರಜೆಯೊಳಗೆ ಮಾಡಿ ಕೊಡ್ಬೇಕಂತೆ. ಹೊನ್ನಾವರ ಕುಮಟಾ ಕಡೆಯವರು ಯಾರಾದ್ರೂ ಇದ್ರೆ ನಿಮ್ಮ ಕಡೆಯ ಬೆಂಕಿ ಹೇಗಿರ್ಬೇಕು ಅಂತ ಸ್ವಲ್ಪ ಹೇಳಿ ಮಾರಾಯ್ರೆ.