ದುಬೈಯಿಂದ ವಿರಾಜಪೇಟೆಗೆ ಎಷ್ಟು ಗಂಟೆ?

ದುಬೈಯಲ್ಲಿರುವ ಮಲಯಾಳಿಗಳು ಟಿಕೆಟ್ ಮಾಡಿಸುವ ಮೊದಲು ನಿಲ್ದಾಣದಿಂದ ಮನೆಯವರೆಗಿನ ರಸ್ತೆಯನ್ನು ಲೆಕ್ಕ ಹಾಕುತ್ತಾರೆ. ಕೊಡಗಿನ ನಮ್ಮವರು ಬೆಂಗಳೂರಿಗೆ ಎಷ್ಟು ದುಡ್ಡು, ವಿಮಾನ ಎಷ್ಟು ಹೊತ್ತು ಹಾರುತ್ತದೆ ಎಂದಷ್ಟೇ ನೋಡುತ್ತಾರೆ. ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಯವರು ಮಲಯಾಳಿಗಳ ಲೆಕ್ಕವನ್ನೇ ಕಲಿಯಬೇಕು.

ದುಬೈಯಿಂದ ನೇರವಾಗಿ ಅಳೆದರೆ ಬೆಂಗಳೂರು ಸುಮಾರು 2,700 ಕಿ.ಮೀ., ಕಣ್ಣೂರು 2,600, ಮಂಗಳೂರು 2,460. ಗಂಟೆಗೆ 850 ಕಿ.ಮೀ. ಓಡುವ ಜೆಟ್‌ಗೆ ಅತಿ ದೂರದ್ದಕ್ಕೂ ಅತಿ ಹತ್ತಿರದ್ದಕ್ಕೂ ಇರುವ ವ್ಯತ್ಯಾಸ 17 ನಿಮಿಷ. ನೆಲಕ್ಕಿಳಿದ ಮೇಲೆ ಲೆಕ್ಕವೇ ಬೇರೆ. 2018ರ ಡಿಸೆಂಬರ್‌ನಲ್ಲಿ ಶುರುವಾದ, ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣದಿಂದ ಇರಿಟ್ಟಿ, ಮಾಕುಟ್ಟ ಘಾಟಿಯ ಮೂಲಕ ವಿರಾಜಪೇಟೆ ಸುಮಾರು 60 ಕಿ.ಮೀ.; ಎರಡು ಗಂಟೆ ಸಾಕು. ಬೆಂಗಳೂರು ನಿಲ್ದಾಣವಿರುವ ದೇವನಹಳ್ಳಿಯಿಂದ 280ರ ಆಸುಪಾಸು. ಬೆಂಗಳೂರು ದಾಟುವ ಹೊತ್ತೂ ಸೇರಿ ಆರೇಳು ಗಂಟೆ ಬೇಕು. ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿಯವರಿಗೆ ಕಣ್ಣೂರು, ಸಂಪಾಜೆ ಕಡೆಯವರಿಗೆ ಮಂಗಳೂರು. ಶನಿವಾರಸಂತೆ, ಸೋಮವಾರಪೇಟೆಯವರು ಮಾತ್ರ ದೇವನಹಳ್ಳಿಗೇ ಬರಲಿ. ಆದರೆ ದೊಡ್ಡಬಳ್ಳಾಪುರ, ನೆಲಮಂಗಲ, ಹಾಸನದ ದಾರಿ ಹಿಡಿದರೆ ನಗರದ ಟ್ರಾಫಿಕ್ ತಪ್ಪುತ್ತದೆ.

ಟಿಕೆಟ್ಟಿನ ಸಮಯ ಓದುವುದರಲ್ಲೂ ಹಲವರು ಎಡವುತ್ತಾರೆ. ಎರಡೂ ಕಡೆ ಬರೆದಿರುವುದು ಆಯಾ ಊರಿನ ಗಡಿಯಾರದ ಸಮಯ; ಭಾರತ ಒಂದೂವರೆ ಗಂಟೆ ಮುಂದಿದೆ. ರಾತ್ರಿ 10ಕ್ಕೆ ದುಬೈ ಬಿಟ್ಟು 3.30ಕ್ಕೆ ಇಳಿದರೆ ಪ್ರಯಾಣ ನಾಲ್ಕು ಗಂಟೆ, ಐದೂವರೆಯಲ್ಲ. ಆ ನಾಲ್ಕರಲ್ಲಿ ರನ್‌ವೇವರೆಗೆ ಉರುಳುವ ಹೊತ್ತೂ ಸೇರಿದೆ. ಚಳಿಗಾಲದಲ್ಲಿ ಕೊಲ್ಲಿಯ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಊರಿಗೆ ಬರುವವರನ್ನು ಬೇಗ ತಲುಪಿಸುತ್ತದೆ, ಮರಳುವವರನ್ನು ತಡೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ದಕ್ಷಿಣ ಭಾರತದ ಮೇಲೆ ಆ ಎತ್ತರದ ಗಾಳಿ ತಿರುಗಿ ಪೂರ್ವದಿಂದ ಬೀಸುತ್ತದೆ. ಕೆಳಗೆ ನಮಗೆ ಮುಂಗಾರು ತರುವ ಗಾಳಿಗೆ ಹೆಚ್ಚುಕಡಿಮೆ ಎದುರು ದಿಕ್ಕು. ನನಗಂತೂ ಇದು ಬಹಳ ಸೊಗಸಾದ ಸಂಗತಿ.

ಕಣ್ಣೂರಿನ ತೊಂದರೆಯೂ ಮಳೆಗಾಲದ್ದೇ. ಮಾಕುಟ್ಟದಲ್ಲಿ ಮರ ಬೀಳುತ್ತದೆ, ಬರೆ ಕುಸಿಯುತ್ತದೆ, ಭಾರಿ ವಾಹನ ನಿಲ್ಲಿಸುತ್ತಾರೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಮುರಿದುಬಿತ್ತಲ್ಲ. ಜುಲೈಯಲ್ಲಿ ಪ್ರಯಾಣವಿದ್ದರೆ ಕುಟ್ಟ, ಮಾನಂತವಾಡಿ ದಾರಿಯನ್ನೂ ತಿಳಿದಿಟ್ಟುಕೊಳ್ಳಿ, ದುಬೈಗೆ ಮರಳುವಾಗ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಂಡು ಮನೆ ಬಿಡಿ. ಅಂತರರಾಷ್ಟ್ರೀಯ ವಿಮಾನದ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ರಸ್ತೆ ಕುಸಿದಿತ್ತೆಂದರೆ ಯಾರೂ ಕೇಳುವುದಿಲ್ಲ.

ಕಣ್ಣೂರು, ಮಂಗಳೂರು ಎರಡೂ ಗುಡ್ಡದ ತಲೆ ಸಮ ಮಾಡಿ ಕಟ್ಟಿದ ನಿಲ್ದಾಣಗಳು. ಮೋಡ ರನ್‌ವೇ ಮೇಲೆ ಕೂತರೆ ವಿಮಾನ ಕೊಚ್ಚಿಗೋ ಬೆಂಗಳೂರಿಗೋ ತಿರುಗಬಹುದು. ಆದ್ದರಿಂದ ಕರೆದೊಯ್ಯಲು ಬರುವವರು ವಿಮಾನ ದುಬೈ ಬಿಟ್ಟಿತೆಂದು ಹೊರಡದೆ, ಅರಬ್ಬಿ ಸಮುದ್ರ ದಾಟಿ ಎಲ್ಲಿಗೆ ಇಳಿಯುತ್ತಿದೆ ಎಂದು ಫೋನಿನಲ್ಲಿ ನೋಡಿಕೊಂಡೇ ವಿರಾಜಪೇಟೆ ಬಳಿಯ ಪೆರುಂಬಾಡಿಯಿಂದ ಘಾಟಿ ಇಳಿಯಲಿ. ಬಾಡಿಗೆ ಟ್ಯಾಕ್ಸಿಯಾದರೆ ಕೇರಳದ ಪರ್ಮಿಟ್ ಇದೆಯೇ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.